ತುರ್ತು ವೈದ್ಯಕೀಯ ತಂತ್ರಜ್ಞರ ಸ್ಥಳೀಯ ಪ್ರೋಟೋಕಾಲ್ ತರಬೇತಿ: ಉತ್ತರ ಬೆಂಗಳೂರು

ಅಪಘಾತ, ಹೃದಯಾಘಾತ, ಹೆರಿಗೆ, ಹಾವು ಕಡಿತ ಮೊದಲಾದ ತುರ್ತು ಸಂದರ್ಭಗಳಲ್ಲಿ ರೋಗಿ ಆಸ್ಪತ್ರೆ ಸೇರುವ ಮುನ್ನ ಘಟನೆಯ ಸ್ಥಳದಲ್ಲೂ ಆಂಬುಲೆನ್ಸಿನಲ್ಲೂ ದೊರೆಯುವ ಆರೈಕೆಯನ್ನು ಆಸ್ಪತ್ರೆಪೂರ್ವ ಆರೈಕೆ ಎನ್ನುತ್ತಾರೆ. ಅದನ್ನು ನೀಡುವ ಮೂಲ ಹಂತದ ಸಿಬ್ಬಂದಿ ತುರ್ತು ವೈದ್ಯಕೀಯ ತಂತ್ರಜ್ಞರು, ರೂಢಿಯಲ್ಲಿ ಇಎಂಟಿಗಳು. ವೈದ್ಯರಲ್ಲದ ಇವರು ಯಾವ ಲಕ್ಷಣ ಕಂಡಾಗ ಏನು ಮಾಡಬೇಕು, ಏನು ಮಾಡಕೂಡದು, ಯಾವಾಗ ವೈದ್ಯರನ್ನು ಕೇಳಬೇಕು, ರೋಗಿಯನ್ನು ಎಲ್ಲಿಗೆ ಒಯ್ಯಬೇಕು ಎಂಬುದನ್ನು ಮೊದಲೇ ಬರೆದಿಟ್ಟು, ಹೊಣೆಗಾರ ವೈದ್ಯರ ಒಪ್ಪಿಗೆ ಪಡೆದ ನಿಯಮಗಳ ಸಮೂಹವೇ ಪ್ರೋಟೋಕಾಲ್. ಪ್ರಮಾಣಪತ್ರ ಕೊಡುವ ಕೋರ್ಸು ಎಲ್ಲ ಊರಿಗೂ ಸಲ್ಲುವ ಪಾಠವನ್ನು ಕಲಿಸುತ್ತದೆ. ಆ ಪಾಠವನ್ನು ಒಂದು ಪ್ರದೇಶದ ಆಸ್ಪತ್ರೆ, ರಸ್ತೆ, ಕಾಯಿಲೆ, ಕಾನೂನು, ಭಾಷೆಗಳಿಗೆ ಹೊಂದಿಸಿಕೊಳ್ಳುವ ಎರಡನೆಯ ಕಲಿಕೆಯನ್ನು ಸ್ಥಳೀಯ ಪ್ರೋಟೋಕಾಲ್ ತರಬೇತಿ ಎಂದು ಕರೆಯಬಹುದು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳನ್ನು ಒಳಗೊಂಡ ಉತ್ತರ ಬೆಂಗಳೂರಿನಲ್ಲಿ ಈ ಎರಡನೆಯ ಕಲಿಕೆಗೆ ಮೊದಲನೆಯದರಷ್ಟೇ ತೂಕವಿದೆ. ಆದರೆ ಅದರ ಬಹುಪಾಲು ಇನ್ನೂ ಅನುಭವಿ ಸಿಬ್ಬಂದಿಯ ನೆನಪಿನಲ್ಲೇ ಉಳಿದಿದೆ.

ಹಿನ್ನೆಲೆ

ಆಂಬುಲೆನ್ಸಿನಲ್ಲಿ ತರಬೇತಾದವರು ಇರಬೇಕೆಂಬ ಕಲ್ಪನೆ ಸಾಂಸ್ಥಿಕ ರೂಪ ಪಡೆದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಲ್ಲಿ ಹೊರತಂದ ವರದಿಯೊಂದು ಅಪಘಾತದ ಸಾವುಗಳನ್ನು ಆಧುನಿಕ ಸಮಾಜ ಕಡೆಗಣಿಸಿದ ರೋಗವೆಂದು ಬಣ್ಣಿಸಿತು. ಅದರ ಬೆನ್ನಿಗೇ ಇಎಂಟಿಗಳಿಗೆ ಏಕರೂಪದ ಪಠ್ಯಕ್ರಮ ಸಿದ್ಧವಾಯಿತು. ಆ ದೇಶದಲ್ಲಿ ಪಠ್ಯಕ್ರಮ ರಾಷ್ಟ್ರಮಟ್ಟದ್ದಾದರೂ ಇಎಂಟಿ ಕೆಲಸ ಮಾಡುವುದು ಆಯಾ ಪ್ರದೇಶದ ವೈದ್ಯಕೀಯ ನಿರ್ದೇಶಕರ ಪ್ರೋಟೋಕಾಲಿನ ಅಡಿಯಲ್ಲಿ. ಅಲ್ಲಿನ ರಾಷ್ಟ್ರೀಯ ನೋಂದಣಿ ಸಂಸ್ಥೆ ಇಎಂಟಿಗಳಿಂದ ಎರಡು ವರ್ಷಕ್ಕೊಮ್ಮೆ 40 ಗಂಟೆಗಳ ಮರುಕಲಿಕೆಯನ್ನು ಕೇಳುತ್ತದೆ. ಅದರಲ್ಲಿ 20 ಗಂಟೆ ರಾಷ್ಟ್ರೀಯ ಪಾಠಕ್ಕೆ, 10 ಗಂಟೆ ರಾಜ್ಯದ ಅಥವಾ ಸ್ಥಳೀಯ ಅಗತ್ಯಗಳಿಗೆ, ಉಳಿದ 10 ಗಂಟೆ ವ್ಯಕ್ತಿಯ ಆಯ್ಕೆಗೆ ಮೀಸಲು. ಸ್ಥಳೀಯ ಜ್ಞಾನವನ್ನು ಗಂಟೆಗಳಲ್ಲಿ ಅಳೆದು ಕಡ್ಡಾಯಗೊಳಿಸಿದ ಈ ಕ್ರಮ ಬೆಂಗಳೂರಿನಂಥ ನಗರಕ್ಕೂ ಪರಿಶೀಲನಾರ್ಹ.

ಭಾರತದಲ್ಲಿ ದೆಹಲಿಯ ಕ್ಯಾಟ್ಸ್ ಆಂಬುಲೆನ್ಸ್ ಸೇವೆ 1991ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 2000ದ ದಶಕದ ಮೊದಲ ವರ್ಷಗಳಲ್ಲೇ ನರಶಸ್ತ್ರತಜ್ಞ ಡಾ. ಎನ್.ಕೆ. ವೆಂಕಟರಮಣ ಅವರ ಮುಂದಾಳತನದಲ್ಲಿ ಆಸ್ಪತ್ರೆಗಳ ಒಕ್ಕೂಟವೊಂದು ರೂಪುಗೊಂಡು, 1062 ಎಂಬ ಸಂಖ್ಯೆಯ ಮೂಲಕ 'ಆಪರೇಷನ್ ಸಂಜೀವಿನಿ' ಎಂಬ ಆಂಬುಲೆನ್ಸ್ ಜಾಲವನ್ನು ನಡೆಸಿತು. ನಗರದ ಆಸ್ಪತ್ರೆಗಳನ್ನು ಒಂದೇ ಸೂತ್ರಕ್ಕೆ ಪೋಣಿಸಲು ನಡೆದ ಈ ಯತ್ನಕ್ಕೆ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಹೈದರಾಬಾದಿನಲ್ಲಿ 2005ರ ಆಗಸ್ಟ್ 15ರಂದು ಇಎಂಆರ್‌ಐ ಸಂಸ್ಥೆ ಆರಂಭಿಸಿದ 108 ಸೇವೆ, 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಕರ್ನಾಟಕಕ್ಕೆ ಬಂತು. ಕರೆ ಮಾಡಿದವರಿಂದ ಹಣ ಪಡೆಯದ ಈ ಸೇವೆಯಲ್ಲಿ ಚಾಲಕನನ್ನು ಪೈಲಟ್ ಎಂದು ಕರೆಯುತ್ತಾರೆ. ಇಎಂಟಿ ಹಿಂಬದಿಯಲ್ಲಿ ರೋಗಿಯ ಪಕ್ಕ ಕುಳಿತಿರುತ್ತಾರೆ. ತುರ್ತು ವೈದ್ಯಶಾಸ್ತ್ರಕ್ಕೆ ಭಾರತೀಯ ವೈದ್ಯಕೀಯ ಮಂಡಳಿ ಪ್ರತ್ಯೇಕ ಸ್ನಾತಕೋತ್ತರ ವಿಷಯದ ಸ್ಥಾನ ನೀಡಿದ್ದು 2009ರಲ್ಲಿ. ಅಂದರೆ ರಸ್ತೆಯ ಮೇಲಿನ ಸೇವೆಗೆ ನಿರ್ದೇಶನ ಕೊಡಬೇಕಾದ ತಜ್ಞರ ತಲೆಮಾರು ತಯಾರಾಗುವ ಮೊದಲೇ ಸೇವೆ ರಸ್ತೆಗೆ ಇಳಿದಿತ್ತು. ಪ್ರೋಟೋಕಾಲ್‌ಗಳು ರಾಜ್ಯಕ್ಕೆಲ್ಲ ಒಂದೇ ಅಚ್ಚಿನಲ್ಲಿ ಉಳಿದುದಕ್ಕೆ ಇದೂ ಒಂದು ಕಾರಣವೆನ್ನಬೇಕು. ಕಿರಿದಾದ ರಸ್ತೆಗಳಿಗಾಗಿ ಬೈಕ್ ಆಂಬುಲೆನ್ಸ್‌ಗಳು 2015ರಲ್ಲಿ ಸೇರ್ಪಡೆಯಾದವು. ಅವುಗಳಲ್ಲಿ ಇಎಂಟಿಯೇ ಸವಾರ, ರೋಗಿಯನ್ನು ಸಾಗಿಸುವ ವ್ಯವಸ್ಥೆ ಇಲ್ಲದ್ದರಿಂದ ದೊಡ್ಡ ವಾಹನ ಬರುವವರೆಗೆ ಪ್ರಾಣ ಹಿಡಿದಿಡುವುದಷ್ಟೇ ಅವರ ಕೆಲಸ.

ಅರ್ಹತೆ ಮತ್ತು ಅಧಿಕಾರದ ಗಡಿ

ಆಂಬುಲೆನ್ಸ್ ವಾಹನಗಳ ರಾಷ್ಟ್ರೀಯ ಮಾನಕವಾದ ಎಐಎಸ್-125 ವಾಹನಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಮೊದಲ ಸ್ಪಂದನೆಯ ವಾಹನ, ರೋಗಿ ಸಾಗಣೆಯ ವಾಹನ, ಮೂಲ ಜೀವಾಧಾರದ ಬಿಎಲ್‌ಎಸ್ ವಾಹನ, ಉನ್ನತ ಜೀವಾಧಾರದ ಎಎಲ್‌ಎಸ್ ವಾಹನ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡದಂತೆ 1 ಲಕ್ಷ ಜನಸಂಖ್ಯೆಗೆ ಒಂದು ಬಿಎಲ್‌ಎಸ್, 5 ಲಕ್ಷಕ್ಕೆ ಒಂದು ಎಎಲ್‌ಎಸ್ ಇರಬೇಕು. ಆದ್ದರಿಂದ ಕರೆಗೆ ಮೊದಲು ಬರುವುದು ಸಾಮಾನ್ಯವಾಗಿ ಮೂಲ ಹಂತದ ವಾಹನವೇ. ಅದರ ಸಿಬ್ಬಂದಿ ಎದೆ ಒತ್ತುವ ಸಿಪಿಆರ್, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರದ ಬಳಕೆ, ಚೀಲ-ಮುಖವಾಡದ ಮೂಲಕ ಉಸಿರು ತುಂಬುವುದು, ಆಮ್ಲಜನಕ, ರಕ್ತಸ್ರಾವ ತಡೆ, ಮುರಿದ ಮೂಳೆಗೆ ಆಸರೆ ಕಟ್ಟುವುದು, ಸಹಜ ಹೆರಿಗೆ, ನವಜಾತ ಶಿಶುವಿನ ಆರೈಕೆ ಇಷ್ಟನ್ನು ತಮ್ಮ ಅಧಿಕಾರದಲ್ಲೇ ಮಾಡುತ್ತಾರೆ. ಅದರಾಚೆಯ ಔಷಧಗಳಿಗೆ ವೈದ್ಯರ ಮಾತು ಬೇಕು.

ತರಬೇತಿಯ ದಾರಿಗಳು ಒಂದಲ್ಲ. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿ ಮೂಲ ಮತ್ತು ಉನ್ನತ ಎಂಬ ಎರಡು ಹಂತಗಳ ಇಎಂಟಿ ಅರ್ಹತೆಯನ್ನು ರೂಪಿಸಿದೆ. ಕೇಂದ್ರ ಆರೋಗ್ಯ ಸಚಿವಾಲಯ ವೈದ್ಯರು, ದಾದಿಯರು, ಅರೆವೈದ್ಯಕೀಯ ಸಿಬ್ಬಂದಿಗಾಗಿ ರಾಷ್ಟ್ರೀಯ ತುರ್ತು ಜೀವಾಧಾರ ಕೋರ್ಸನ್ನು ಸಿದ್ಧಪಡಿಸಿದೆ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದೊಂದಿಗೆ ನಂಟಿರುವ ಜೀವರಕ್ಷಾ ಟ್ರಸ್ಟ್ ನಮ್ಮ ಆಸ್ಪತ್ರೆಗಳ ಸೌಕರ್ಯಕ್ಕೆ ತಕ್ಕಂತೆ ತುರ್ತು ಆರೈಕೆಯ ಕೋರ್ಸುಗಳನ್ನು ನಡೆಸಿದೆ. ನರ್ಸಿಂಗ್ ಓದಿ ಆಂಬುಲೆನ್ಸಿಗೆ ಬಂದವರೂ ಬಹಳ. ಹೀಗೆ ಬೇರೆಬೇರೆ ಬಾಗಿಲಿನಿಂದ ಒಳಬಂದವರೆಲ್ಲ ಒಂದೇ ವಾಹನದಲ್ಲಿ ಪಾಳಿ ಬದಲಿಸಿಕೊಂಡು ದುಡಿಯುವಾಗ, ಅವರೆಲ್ಲರನ್ನೂ ಒಂದೇ ನಡೆಗೆ ತರುವ ಸಾಧನ ಸ್ಥಳೀಯ ಪ್ರೋಟೋಕಾಲ್ ಮಾತ್ರ. ಸಂಸತ್ತು 2021ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞರ ವೃತ್ತಿಯೂ ಸೇರಿದ್ದು, ನೋಂದಣಿ ಮತ್ತು ಏಕರೂಪದ ಶಿಕ್ಷಣಕ್ಕೆ ಅದು ಕಾನೂನಿನ ತಳಹದಿ ಹಾಕಿದೆ.

ವೈದ್ಯಕೀಯ ನಿರ್ದೇಶನ ಎರಡು ರೀತಿಯದು. ಮೊದಲೇ ಬರೆದಿಟ್ಟ ನಿಯಮ, ತರಬೇತಿ, ಕೆಲಸ ಮುಗಿದ ಮೇಲಿನ ಪರಾಮರ್ಶೆ ಇವು ಪರೋಕ್ಷ ನಿರ್ದೇಶನವಾದರೆ, ರೋಗಿಯ ಪಕ್ಕದಿಂದಲೇ ಫೋನಿನಲ್ಲಿ ವೈದ್ಯರ ಸಲಹೆ ಪಡೆಯುವುದು ನೇರ ನಿರ್ದೇಶನ. 108 ಸೇವೆಯಲ್ಲಿ ಸ್ಪಂದನ ಕೇಂದ್ರದಲ್ಲಿ ಕುಳಿತ ವೈದ್ಯರನ್ನು ಇಆರ್‌ಸಿಪಿ ಎನ್ನುತ್ತಾರೆ. ಅವರಿಗೆ ವರದಿ ಒಪ್ಪಿಸುವುದೇ ಒಂದು ಕೌಶಲ. ರೋಗಿಯ ವಯಸ್ಸು, ಮುಖ್ಯ ತೊಂದರೆ, ಅದು ಶುರುವಾದ ಸಮಯ, ನಾಡಿ, ರಕ್ತದೊತ್ತಡ, ಉಸಿರಿನ ವೇಗ, ಆಮ್ಲಜನಕದ ಮಟ್ಟ, ಪ್ರಜ್ಞೆಯ ಸ್ಥಿತಿ, ಈವರೆಗೆ ಮಾಡಿದ ಚಿಕಿತ್ಸೆ, ಈಗ ಬೇಕಾದ ಅನುಮತಿ ಇವನ್ನು ಅರ್ಧ ನಿಮಿಷದಲ್ಲಿ, ಅದೇ ಅನುಕ್ರಮದಲ್ಲಿ ಹೇಳಬೇಕು. ಸಂಪರ್ಕ ಕಡಿದುಹೋದರೆ ಇಎಂಟಿ ಎಲ್ಲಿಯವರೆಗೆ ಸ್ವತಃ ಮುಂದುವರಿಯಬಹುದು ಎಂಬುದನ್ನೂ ಪ್ರೋಟೋಕಾಲ್ ಬರೆದಿಡಬೇಕಾಗುತ್ತದೆ.

ಉತ್ತರ ಬೆಂಗಳೂರಿನ ವಿಶೇಷ ಸ್ಥಿತಿ

ನಗರದ ಈ ಭಾಗ ಎರಡು ದಶಕಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಮೇಲೆ ಬಳ್ಳಾರಿ ರಸ್ತೆ ಹಗಲಿರುಳೂ ವೇಗದ ವಾಹನಗಳ ದಾರಿಯಾಯಿತು. ಇಲ್ಲಿ ಕೆಲಸಕ್ಕೆ ಸೇರಿದ ಇಎಂಟಿ ಮತ್ತು ಪೈಲಟ್ ಮೊದಲು ಕಲಿಯಬೇಕಾದದ್ದು ರಸ್ತೆಯ ರಚನೆಯನ್ನು: ಎತ್ತರಿಸಿದ ರಸ್ತೆಗೆ ಒಮ್ಮೆ ಏರಿದ ಆಂಬುಲೆನ್ಸು ಕೆಳಗಿನ ಸರ್ವಿಸ್ ರಸ್ತೆಯ ಮನೆಗೆ ಬೇಕೆಂದಲ್ಲಿ ಇಳಿಯಲಾರದು, ವಿಭಜಕದ ಆಚೆ ಬದಿಯ ಅಪಘಾತಕ್ಕೆ ಈಚೆ ಬದಿಯಿಂದ ಹೋದರೆ ಕಣ್ಣೆದುರಿಗೇ ಇರುವ ಗಾಯಾಳುವನ್ನು ತಲುಪಲು ಸುತ್ತಿ ಬರಬೇಕು. ಆದ್ದರಿಂದ ಕರೆ ಮಾಡಿದವರನ್ನು ಜಾಗದ ಹೆಸರಿನ ಜೊತೆಗೆ 'ಏರ್‌ಪೋರ್ಟ್ ಕಡೆ ಹೋಗುವ ಬದಿಯೋ, ಸಿಟಿ ಕಡೆ ಬರುವ ಬದಿಯೋ, ಮೇಲೋ, ಕೆಳಗೋ' ಎಂದು ಕೇಳುವುದು ಇಲ್ಲಿನ ಸ್ಥಳೀಯ ಪಾಠದ ಮೊದಲ ಪ್ರಶ್ನೆಯಾಗಬೇಕು. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆ 2021ರ ಡಿಸೆಂಬರ್‌ನಲ್ಲಿ ದೋಷದ ಕಾರಣ ಮುಚ್ಚಿ, ಮುಂದಿನ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ತೆರೆದಾಗ ಗೊರಗುಂಟೆಪಾಳ್ಯದ ಸುತ್ತಲಿನ ಸಂಚಾರದ ಲೆಕ್ಕವೆಲ್ಲ ತಲೆಕೆಳಗಾಯಿತು. ಹೆಬ್ಬಾಳದಲ್ಲಿ ಮೇಲ್ಸೇತುವೆ ವಿಸ್ತರಣೆ ಮತ್ತು ಮೆಟ್ರೊ ಕಾಮಗಾರಿ ದಾರಿಗಳನ್ನು ಪದೇಪದೇ ಬದಲಿಸುತ್ತ ಬಂದಿವೆ. ಇಂಥ ಮಾಹಿತಿ ವರ್ಷಕ್ಕೊಮ್ಮೆ ಅಚ್ಚಾಗುವ ಕೈಪಿಡಿಗೆ ಒಗ್ಗುವುದಿಲ್ಲ. ಪಾಳಿ ಬದಲಾಗುವಾಗಿನ ಸಭೆಯಲ್ಲೇ ಹೇಳಬೇಕು.

ಎರಡನೆಯ ವಿಶೇಷ ಇನ್ನೂ ಗಂಭೀರವಾದದ್ದು. ಬಡವರಿಗೆ ನಿಲುಕುವ ಸರ್ಕಾರಿ ವಿಶೇಷ ಆಸ್ಪತ್ರೆಗಳು ಬಹುತೇಕ ನಗರದ ಮಧ್ಯ ಮತ್ತು ದಕ್ಷಿಣದಲ್ಲಿವೆ: ತಲೆಯ ಗಾಯಕ್ಕೂ ನರರೋಗಕ್ಕೂ ಹೊಸೂರು ರಸ್ತೆಯ ನಿಮ್ಹಾನ್ಸ್, ಹೃದಯಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ ಸಂಸ್ಥೆಯ ಮುಖ್ಯ ಆಸ್ಪತ್ರೆ, ಮೂಳೆ ಮತ್ತು ಅಪಘಾತಕ್ಕೆ ಜಯನಗರದ ಸಂಜಯ್ ಗಾಂಧಿ ಸಂಸ್ಥೆ, ಮಕ್ಕಳಿಗೆ ಇಂದಿರಾ ಗಾಂಧಿ ಸಂಸ್ಥೆ, ಸುಟ್ಟ ಗಾಯಗಳಿಗೆ ವಿಕ್ಟೋರಿಯಾ. ಉತ್ತರದಲ್ಲಿ ಸರ್ಕಾರದ ಕಡೆಯಿಂದ ಇರುವುದು ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಯಲಹಂಕದ ಸಾರ್ವಜನಿಕ ಆಸ್ಪತ್ರೆಯಂಥವು. ದೊಡ್ಡ ಸೌಲಭ್ಯಗಳಿರುವುದು ಹೆಬ್ಬಾಳದಲ್ಲಿ 1973ರಿಂದ ನಡೆಯುತ್ತಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆ, ಮತ್ತಿಕೆರೆ ಬಳಿಯ ರಾಮಯ್ಯ ಆಸ್ಪತ್ರೆ, ಹೆಬ್ಬಾಳ-ಯಶವಂತಪುರಗಳ ಖಾಸಗಿ ಆಸ್ಪತ್ರೆಗಳಲ್ಲಿ. ಯಲಹಂಕದ ಗಾಯಾಳುವನ್ನು ನಿಮ್ಹಾನ್ಸಿಗೆ ಒಯ್ಯುವುದೆಂದರೆ ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುವುದು. ಹೀಗಾಗಿ ಇಲ್ಲಿನ ಇಎಂಟಿ ತೆಗೆದುಕೊಳ್ಳುವ ಅತಿ ಕಷ್ಟದ ತೀರ್ಮಾನ ಚಿಕಿತ್ಸೆಗೆ ಸಂಬಂಧಿಸಿದ್ದಲ್ಲ, ಆಸ್ಪತ್ರೆಯ ಆಯ್ಕೆಗೆ ಸಂಬಂಧಿಸಿದ್ದು. ಕ್ಯಾಲಸನಹಳ್ಳಿಯಲ್ಲಿ ನಿಮ್ಹಾನ್ಸಿನ ಉತ್ತರ ಆವರಣ ಕಟ್ಟುವ ಯೋಜನೆ ಕೈಗೂಡಿದರೆ ಈ ಹೊರೆ ಕೊಂಚ ಇಳಿಯಬಹುದು.

ಈ ಆಯ್ಕೆಯಲ್ಲಿ ದುಡ್ಡಿನ ಪ್ರಶ್ನೆಯೂ ಬೆರೆತಿದೆ. ಖಾಸಗಿ ಆಸ್ಪತ್ರೆ ಹತ್ತಿರವಿದ್ದರೂ ಕಟ್ಟಲು ಹಣವಿಲ್ಲವೆಂದು ಮನೆಯವರು ಹಿಂಜರಿಯುತ್ತಾರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಪಟ್ಟಿಗೆ ಸೇರಿದ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆಯೇ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ರಸ್ತೆ ಅಪಘಾತಗಳ ಗಾಯಾಳುಗಳಿಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ರಕ್ಷಣೆ ನೀಡುತ್ತದೆ. ಅದಕ್ಕೂ ಮೊದಲೇ, 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ, ಸಾಯುವ ಗಳಿಗೆಯಲ್ಲೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಬೇಡಿಕೊಂಡ ಯುವಕ ಹರೀಶ್ ಅವರ ಹೆಸರಿನಲ್ಲಿ, ಕರ್ನಾಟಕ ಸರ್ಕಾರ ಅದೇ ವರ್ಷ ಅಪಘಾತದ ನಂತರದ ಮೊದಲ 48 ಗಂಟೆಗಳ ಚಿಕಿತ್ಸೆಗೆ ನೆರವಾಗುವ ಸಾಂತ್ವನ ಯೋಜನೆಯನ್ನು ಆರಂಭಿಸಿತ್ತು. ಇವನ್ನೆಲ್ಲ ಗಾಬರಿಗೊಂಡ ಬಂಧುವಿಗೆ ಎರಡು ಸರಳ ವಾಕ್ಯಗಳಲ್ಲಿ ತಿಳಿಹೇಳುವ ಶಕ್ತಿ ಇಎಂಟಿಗೆ ಇರಬೇಕು. ಯಾವುದೇ ವೈದ್ಯಕೀಯ ಪಠ್ಯಪುಸ್ತಕದಲ್ಲಿ ಇದು ಇಲ್ಲ, ಆದರೆ ಇದರಿಂದ ಉಳಿಯುವ ನಿಮಿಷಗಳು ಅಷ್ಟಿಷ್ಟಲ್ಲ.

ತರಬೇತಿಯ ವಸ್ತು

ಹೃದಯ ನಿಂತ ರೋಗಿಗೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತುವ ವಿಧಾನ ಜಗತ್ತಿನೆಲ್ಲೆಡೆ ಒಂದೇ. ಸ್ಥಳೀಯವಾಗಿ ಕಲಿಯಬೇಕಾದದ್ದು, ಲಿಫ್ಟಿಲ್ಲದ ಮೂರನೆಯ ಮಹಡಿಯ ಮನೆಯಲ್ಲಿ, ಸ್ಟ್ರೆಚರ್ ತಿರುಗದ ಮೆಟ್ಟಿಲಿನಲ್ಲಿ, ಒತ್ತುವುದನ್ನು ನಿಲ್ಲಿಸದೆ ಏನು ಮಾಡಬಹುದು ಎಂಬುದನ್ನು. ಆರ್.ಟಿ. ನಗರ, ಗಂಗಾನಗರಗಳ ಒತ್ತೊತ್ತಾದ ಮನೆಗಳಲ್ಲಿ ಇದಕ್ಕೆ ಉತ್ತರ ಸ್ಪಷ್ಟ: ರೋಗಿ ಇರುವಲ್ಲೇ ನೆಲಕ್ಕಿಳಿಸಿ, ಎಇಡಿ ಹಚ್ಚಿ, ಪುನಶ್ಚೇತನದ ಪ್ರಯತ್ನವನ್ನು ಅಲ್ಲೇ ಸಾಕಷ್ಟು ಹೊತ್ತು ನಡೆಸಬೇಕು, ಎತ್ತಿಕೊಂಡು ಓಡುವ ಆತುರದಲ್ಲಿ ಮಿದುಳಿಗೆ ರಕ್ತ ನಿಂತುಹೋಗುತ್ತದೆ. ಮನೆಯವರು ಇದನ್ನು ತಡವೆಂದು ತಿಳಿದು ಕೂಗಾಡುವುದು ಸಹಜವಾದ್ದರಿಂದ, ಒಬ್ಬರು ಒತ್ತುವಾಗ ಇನ್ನೊಬ್ಬರು ಮಾತಾಡುವ ಕ್ರಮವನ್ನೂ ಅಭ್ಯಾಸದಲ್ಲೇ ಸೇರಿಸಬೇಕು.

ಎದೆನೋವಿನ ರೋಗಿಗೆ ಅಲರ್ಜಿ, ರಕ್ತಸ್ರಾವಗಳ ಇತಿಹಾಸ ವಿಚಾರಿಸಿ, ನಿಯಮದಂತೆ ಆಸ್ಪಿರಿನ್ ಮಾತ್ರೆ ಅಗಿಯಲು ಕೊಟ್ಟು, ಇಸಿಜಿಗೆ ಅವಕಾಶವಿರುವ ಕಡೆಗೆ ಒಯ್ಯುವುದು ಸಾಮಾನ್ಯ ಕ್ರಮ. ಪಾರ್ಶ್ವವಾಯುವಿನಲ್ಲಿ ಮುಖ ಸೊಟ್ಟಗಾಗಿದೆಯೇ, ಕೈ ಬಿದ್ದಿದೆಯೇ, ಮಾತು ತೊದಲುತ್ತಿದೆಯೇ ಎಂದು ನೋಡಿದ ಮೇಲೆ ಕೇಳಬೇಕಾದ ಪ್ರಶ್ನೆ 'ಯಾವಾಗ ಶುರುವಾಯಿತು' ಎಂಬುದಲ್ಲ, 'ಕೊನೆಯ ಬಾರಿ ಸರಿಯಾಗಿದ್ದುದನ್ನು ನೋಡಿದವರು ಯಾರು, ಎಷ್ಟು ಹೊತ್ತಿಗೆ' ಎಂಬುದು. ರಕ್ತದ ಹೆಪ್ಪು ಕರಗಿಸುವ ಔಷಧಕ್ಕಿರುವ 4.5 ಗಂಟೆಗಳ ಗಡುವು ಆ ಕ್ಷಣದಿಂದ ಎಣಿಕೆಯಾಗುತ್ತದೆ. ಸಕ್ಕರೆ ಕುಸಿದವರೂ ಪಾರ್ಶ್ವವಾಯು ಬಡಿದವರಂತೆಯೇ ಕಾಣುವುದುಂಟು. ಆದಕಾರಣ ಬೆರಳ ತುದಿಯ ರಕ್ತಪರೀಕ್ಷೆ ಮಾಡದೆ ಇಂಥ ರೋಗಿಯನ್ನು ಹೊರಡಿಸಬಾರದು. ದಿನದ 24 ಗಂಟೆಯೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು, ರಾತ್ರಿ ಇಲ್ಲದ್ದು ಯಾವುದು ಎಂಬ ಪಟ್ಟಿ ಇಲ್ಲಿ ಔಷಧದಷ್ಟೇ ಬೆಲೆಬಾಳುತ್ತದೆ.

ಹಾವು ಕಡಿತವನ್ನು ನಗರದ ತರಬೇತಿಯಲ್ಲಿ ಹಳ್ಳಿಯ ಸಮಸ್ಯೆಯೆಂದು ಬದಿಗಿಡುವುದು ಉತ್ತರ ಬೆಂಗಳೂರಿನ ಮಟ್ಟಿಗೆ ದೊಡ್ಡ ತಪ್ಪು. ಜಿಕೆವಿಕೆಯ ಹೊಲಗಳು, ಜಕ್ಕೂರು ಮತ್ತು ಪುಟ್ಟೇನಹಳ್ಳಿ ಕೆರೆಗಳ ಅಂಚು, ರಾಜಾನುಕುಂಟೆಯ ತೋಟಗಳು, ಎಲ್ಲೆಲ್ಲೂ ಏಳುತ್ತಿರುವ ಕಟ್ಟಡಗಳ ಬಳಿಯ ಕಾರ್ಮಿಕರ ಶೆಡ್ಡುಗಳು ಹಾವಿಗೂ ಮನುಷ್ಯನಿಗೂ ಒಂದೇ ನೆಲವಾಗಿವೆ. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ; ಕಚ್ಚಿದ ಗುರುತೂ ನೋವೂ ಬಹಳ ಸಲ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ ಕೂಲಿಯಾಳಿನ ಕಣ್ಣರೆಪ್ಪೆ ಜೋತುಬಿದ್ದಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಅದು ಅಜೀರ್ಣವಲ್ಲವೆಂದು ಸಂಶಯಿಸುವುದೇ ಇಎಂಟಿಯ ಜಾಣತನ. ಕೊಳಕುಮಂಡಲದ ಕಡಿತದಲ್ಲಿ ಊತವೂ ರಕ್ತಸ್ರಾವವೂ ಮುಂದಾಗುತ್ತವೆ. ಕಚ್ಚಿದ ಅಂಗವನ್ನು ಅಲುಗಾಡದಂತೆ ಆಸರೆ ಕಟ್ಟಿ, ಉಂಗುರ-ಬಳೆ ತೆಗೆಸಿ, ರೋಗಿಯನ್ನು ನಡೆಸದೆ ಮಲಗಿಸಿ, ಊತದ ಅಂಚನ್ನು ಪೆನ್ನಿನಿಂದ ಗುರುತು ಮಾಡಿ ಪಕ್ಕದಲ್ಲಿ ಸಮಯ ಬರೆಯಬೇಕು. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ನಿಷಿದ್ಧ. ಮನೆಯವರು ಈಗಾಗಲೇ ಬಿಗಿದ ಹಗ್ಗವನ್ನು ಹಠಾತ್ತನೆ ಬಿಚ್ಚಿದರೆ ವಿಷ ಒಮ್ಮೆಲೇ ಏರುವ ಅಪಾಯವಿರುವುದರಿಂದ ಅದಕ್ಕೆ ವೈದ್ಯರ ಸಲಹೆ ಕೇಳಬೇಕು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ವಿಷನಿರೋಧಕ ಔಷಧದ ದಾಸ್ತಾನು ಇಂದು ಎಲ್ಲಿದೆ ಎಂಬುದನ್ನು ಹೊರಡುವ ಮುನ್ನವೇ ಫೋನಿನಲ್ಲಿ ಖಚಿತಪಡಿಸಿಕೊಳ್ಳುವುದು ಸ್ಥಳೀಯ ಪ್ರೋಟೋಕಾಲಿನ ಭಾಗವಾಗಬೇಕು.

ಪೀಣ್ಯ, ಯಶವಂತಪುರಗಳ ಕಡೆ ಲೋಹಕ್ಕೆ ಲೇಪನ ಕೊಡುವ ಘಟಕಗಳಲ್ಲಿ ಆಮ್ಲದಿಂದ ಸುಟ್ಟವರನ್ನು ಬಟ್ಟೆ ತೆಗೆಸಿ ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುವುದಕ್ಕೆ ಸಾಗಣೆಗಿಂತ ಮೊದಲ ಸ್ಥಾನ. ಕೀಟನಾಶಕ ಕುಡಿದವರಲ್ಲಿ ವಾಂತಿ ಮಾಡಿಸದೆ, ಕೈಗವಸು ಹಾಕಿಕೊಂಡು, ವಿಷ ಚೆಲ್ಲಿದ ಬಟ್ಟೆ ತೆಗೆದು, ಬಾಯಿಯ ನೊರೆ ಹೀರಿ ತೆಗೆದು ಉಸಿರಿನ ದಾರಿ ಕಾಯಬೇಕು. ಹೆರಿಗೆಯ ಕರೆಗಳು 108 ಸೇವೆಯಲ್ಲಿ ದೊಡ್ಡ ಪಾಲು ಪಡೆದಿರುವುದರಿಂದ, ಮಗುವನ್ನು ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ ಬೆಚ್ಚಗಿಡುವ ಅಭ್ಯಾಸ ಇಲ್ಲಿನ ಸಿಬ್ಬಂದಿಗೆ ಚೆನ್ನಾಗಿಯೇ ಇದೆ. ಆ ವಿಷಯದಲ್ಲಿ ಅವರಿಂದ ಆಸ್ಪತ್ರೆಯವರೂ ಕಲಿಯುವುದುಂಟು.

ಬಹುಮಂದಿ ಗಾಯಾಳುಗಳ ಘಟನೆಗೂ ಈ ಪ್ರದೇಶ ಸದಾ ಸಿದ್ಧವಿರಬೇಕು. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾ ಪ್ರದರ್ಶನದ 2019ರ ಆವೃತ್ತಿಯಲ್ಲಿ, ಫೆಬ್ರವರಿ 19ರಂದು ಅಭ್ಯಾಸದ ವೇಳೆ ಎರಡು ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ಸತ್ತರೆ, ನಾಲ್ಕು ದಿನಗಳ ನಂತರ ವಾಹನ ನಿಲುಗಡೆಯ ಬಯಲಿನಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟವು. 2021ರ ನವೆಂಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ಕೆರೆಯ ನೀರು ನುಗ್ಗಿದಾಗ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಇಂಥ ಕಡೆ ಮೊದಲು ತಲುಪಿದ ಇಎಂಟಿ ಮೊದಲ ಗಾಯಾಳುವಿನ ಬಳಿ ಕುಳಿತುಬಿಡದೆ ಎಲ್ಲರನ್ನೂ ವಿಂಗಡಿಸಬೇಕು. ಆ ವಿಂಗಡಣೆಯ ಹೆಸರು ಟ್ರಯಾಜ್: ನಡೆಯಬಲ್ಲವರಿಗೆ ಹಸಿರು ಪಟ್ಟಿ, ಉಸಿರು ನಿಮಿಷಕ್ಕೆ 30 ದಾಟಿದ್ದರೆ, ಮಣಿಕಟ್ಟಿನ ನಾಡಿ ಸಿಗದಿದ್ದರೆ, ಹೇಳಿದ ಮಾತಿನಂತೆ ನಡೆಯದಿದ್ದರೆ ಕೆಂಪು, ಉಳಿದವರಿಗೆ ಹಳದಿ, ಉಸಿರಿನ ದಾರಿ ತೆರೆದರೂ ಉಸಿರಾಡದವರಿಗೆ ಕಪ್ಪು.

ಕಾನೂನಿನ ಪಾಠದಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ವೈದ್ಯಕೀಯ ಪ್ರಕರಣ, ಮುಖ್ಯವಾದದ್ದು. ಪೊಲೀಸರು ಬರುವವರೆಗೆ ಚಿಕಿತ್ಸೆ ಕಾಯಬೇಕಿಲ್ಲವೆಂದು ಸುಪ್ರೀಂ ಕೋರ್ಟು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಸ್ಪಷ್ಟಪಡಿಸಿದೆ. ನೆರವಿಗೆ ಬಂದ ದಾರಿಹೋಕರನ್ನು ಕಾಡಬಾರದೆಂದು ಕರ್ನಾಟಕ 2016ರಲ್ಲಿ ರೂಪಿಸಿದ ಕಾಯ್ದೆಯೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮೂ ಹೇಳುತ್ತವೆ. ಇರಿತದ ಗಾಯಾಳುವಿನ ಅಂಗಿಯನ್ನು ಕತ್ತರಿಸುವಾಗ ಚೂರಿ ಹೊಕ್ಕ ತೂತಿನ ಮೂಲಕ ಕತ್ತರಿ ಹಾಯಿಸದೆ ಪಕ್ಕದಿಂದ ಹಾಯಿಸುವುದು ಚಿಕ್ಕ ಸಂಗತಿಯಂತೆ ಕಂಡರೂ ನ್ಯಾಯಾಲಯದಲ್ಲಿ ಅದಕ್ಕೆ ಬೆಲೆಯಿದೆ. ಸಾವನ್ನು ಘೋಷಿಸುವ ಅಧಿಕಾರ ವೈದ್ಯರದೇ ಹೊರತು ಇಎಂಟಿಯದಲ್ಲ.

ತರಬೇತಿಯ ಕ್ರಮ

ಹೊಸ ಇಎಂಟಿಗೆ ನಿಯಮಾವಳಿಯ ಪುಸ್ತಕ ಕೊಟ್ಟು ಸಹಿ ಹಾಕಿಸಿಕೊಂಡರೆ ತರಬೇತಿ ಆಗಲಿಲ್ಲ. ತರಗತಿಯ ಪಾಠ, ಗೊಂಬೆಗಳ ಮೇಲಿನ ಅಭ್ಯಾಸ, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲವು ಪಾಳಿ, ಆಮೇಲೆ ಹಿರಿಯ ಇಎಂಟಿಯ ಜೊತೆ ವಾಹನದಲ್ಲಿ ಕೆಲವು ವಾರ, ಕೊನೆಗೆ ವೈದ್ಯರ ಎದುರು ಕೌಶಲ ಪರೀಕ್ಷೆ ಎಂಬ ಅನುಕ್ರಮವೇ ಒಪ್ಪಿತವಾದದ್ದು. ಮತ್ತಿಕೆರೆಯ ರಾಮಯ್ಯ ಸಮೂಹದ ಉನ್ನತ ಕಲಿಕಾ ಕೇಂದ್ರದಂಥ ಅನುಕರಣ ಪ್ರಯೋಗಾಲಯಗಳು ಈ ಭಾಗದಲ್ಲೇ ಇರುವುದು ಅನುಕೂಲ.

ಪಾಳಿಯ ಆರಂಭದ ತಪಾಸಣೆಯನ್ನು ಕೂಡ ಕಲಿಸಬೇಕು. ತುಂಬಿದ ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 15 ಲೀಟರಿನಂತೆ ಬಿಟ್ಟರೆ ಅದು 100 ನಿಮಿಷ ಬಾಳುತ್ತದೆ, ಮುಳ್ಳು ಅರ್ಧಕ್ಕಿಳಿದಿದ್ದರೆ 50 ನಿಮಿಷ. ಸಂಜೆಯ ಹೊತ್ತು ಯಲಹಂಕದಿಂದ ನಗರದ ದಕ್ಷಿಣ ತುದಿಗೆ ಹೊರಟವರಿಗೆ ಆ 50 ನಿಮಿಷ ಸಾಲದೆ ಹೋಗಬಹುದು. ಮುಳ್ಳು ನೋಡಿ ನಿಮಿಷಗಳನ್ನು ಬಾಯಿಲೆಕ್ಕದಲ್ಲಿ ಹೇಳುವಂತೆ ಪ್ರತಿಯೊಬ್ಬರನ್ನೂ ಅಣಿಗೊಳಿಸಬೇಕು. ಭಾಷೆಯೂ ಇದೇ ಬಗೆಯ ಸಲಕರಣೆ: ಯಶವಂತಪುರದ ಎಪಿಎಂಸಿ ಯಾರ್ಡಿನ ಹಮಾಲರು, ಯಲಹಂಕದ ತೆಲುಗು ಕುಟುಂಬಗಳು, ಆರ್.ಟಿ. ನಗರದ ಉರ್ದು ಮಾತಾಡುವ ಮನೆಗಳು, ಉತ್ತರ ಭಾರತದಿಂದ ಬಂದ ಕಟ್ಟಡ ಕಾರ್ಮಿಕರು, ಇವರೆಲ್ಲರನ್ನೂ ನೋವು ಎಲ್ಲಿದೆ, ಯಾವಾಗಿನಿಂದ, ಯಾವ ಮಾತ್ರೆ ನುಂಗುತ್ತೀರಿ ಎಂದು ಅವರವರ ಮಾತಿನಲ್ಲೇ ಕೇಳಲು ಹತ್ತು ವಾಕ್ಯಗಳು ಸಾಕು.

ಮೂಲ ಜೀವಾಧಾರದ ಪ್ರಮಾಣಪತ್ರಗಳ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಅದರ ನವೀಕರಣದ ಜೊತೆಗೆ, ರೋಗಿಯ ಆರೈಕೆ ದಾಖಲೆಗಳನ್ನು ತಿಂಗಳಿಗೊಮ್ಮೆ ವೈದ್ಯರೊಂದಿಗೆ ಕುಳಿತು ಓದುವ ಪರಿಪಾಠ ಬೇಕು. ಒಯ್ದ ರೋಗಿಗೆ ಮುಂದೇನಾಯಿತು ಎಂದು ಆಸ್ಪತ್ರೆ ತಿಳಿಸದಿದ್ದರೆ ಇಎಂಟಿ ತನ್ನ ತೀರ್ಮಾನ ಸರಿಯೋ ತಪ್ಪೋ ಎಂದು ಅರಿಯುವ ಬಗೆಯೇ ಇಲ್ಲ. ಇಂದಿನ ವ್ಯವಸ್ಥೆಯ ಅತಿ ದೊಡ್ಡ ಕೊರತೆ ಇದು.

ಕೊರತೆಗಳು ಮತ್ತು ಆಗಬೇಕಾದದ್ದು

ಆಸ್ಪತ್ರೆಗಳ ಹೊರಗೆ ನಿಲ್ಲುವ ಖಾಸಗಿ ಆಂಬುಲೆನ್ಸ್‌ಗಳಲ್ಲಿ ಚಾಲಕನೊಬ್ಬನೇ ಇರುವುದು ಸಾಮಾನ್ಯ ದೃಶ್ಯ. ಸಿಲಿಂಡರ್ ಇದ್ದೂ ಅದನ್ನು ಬಳಸುವವರಿಲ್ಲದ ವಾಹನದಲ್ಲಿ ರೋಗಿ ಸೈರನ್ನಿನ ಸದ್ದಿನ ಜೊತೆಗೆ ಒಂಟಿಯಾಗಿ ಸಾಗುತ್ತಾನೆ. ಅಂಗಾಂಗ ಸಾಗಣೆಗೆ 'ಜೀರೋ ಟ್ರಾಫಿಕ್' ಮಾಡಿಕೊಡುವಷ್ಟು ನುರಿತ ನಗರದಲ್ಲಿ ಇದು ಮುಂದುವರಿಯುವುದು ಒಪ್ಪತಕ್ಕದ್ದಲ್ಲ. 108 ಸೇವೆಯನ್ನು ಖಾಸಗಿ ಸಂಸ್ಥೆಯ ಬದಲು ಆರೋಗ್ಯ ಇಲಾಖೆಯೇ ನೇರವಾಗಿ ನಡೆಸುವ ನಿರ್ಧಾರವನ್ನು ರಾಜ್ಯ ಸರ್ಕಾರ 2025ರಲ್ಲಿ ಪ್ರಕಟಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಬಂದು, ಬೆಂಗಳೂರು ಉತ್ತರಕ್ಕೂ ತನ್ನದೇ ನಗರ ಪಾಲಿಕೆ ದೊರೆಯಿತು. ಪ್ರದೇಶಕ್ಕೊಬ್ಬ ವೈದ್ಯಕೀಯ ನಿರ್ದೇಶಕರನ್ನು ಹೆಸರಿಸಿ, ಸರ್ಕಾರಿ ಮತ್ತು ಖಾಸಗಿ ಎರಡೂ ಆಂಬುಲೆನ್ಸ್‌ಗಳ ಸಿಬ್ಬಂದಿಗೆ ಒಂದೇ ಸ್ಥಳೀಯ ಪ್ರೋಟೋಕಾಲ್ ವಿಧಿಸಲು ಇದು ತಕ್ಕ ಸಮಯ. ಆ ಪ್ರೋಟೋಕಾಲಿನಲ್ಲಿ ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದು ಯಾವ ರೋಗಿಯನ್ನು, ಯಾವ ಹೊತ್ತಿನಲ್ಲಿ, ಯಾವ ಆಸ್ಪತ್ರೆಗೆ ಒಯ್ಯಬೇಕೆಂಬ ಅಧ್ಯಾಯ. ಅದನ್ನು ಬರೆಯಲು ಹೊಸ ಉಪಕರಣವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ, ಉತ್ತರ ಬೆಂಗಳೂರಿನ ಆಸ್ಪತ್ರೆಗಳ ತುರ್ತು ವಿಭಾಗದ ಮುಖ್ಯಸ್ಥರೂ ಹಿರಿಯ ಇಎಂಟಿಗಳೂ ಪೈಲಟ್‌ಗಳೂ ಒಂದೇ ಮೇಜಿನ ಸುತ್ತ ಕುಳಿತರೆ ಸಾಕು.